ಸಂದು ಕಾಣದ ಕಲ್ಲು

"ಗವಿಯೊಳಗಿನ ಡಬ್ಬಿ ತಗೊಂಡು ಬರಬೇಕು, ನಾಲ್ಕರ ಬಸ್ ಹಿಡೀಬೇಕು. ಇಷ್ಟ ನೋಡ್ರಿ ಮಾಮು ಕೆಲಸ," ಎಂದಳು ಸಬಾ.

ಯಾಕೂಬಸಾಬ ಗಡ್ಡದೊಳಗೇ ನಕ್ಕ. ಸೋದರ ಸೊಸೆಗೆ ಇವತ್ತೊಂದು ತಮಾಷೆ ತೋರಿಸಬೇಕೆಂದು ಅವನು ಮೂರು ತಿಂಗಳಿಂದ ಕಾದಿದ್ದ. ಶಹಾಪುರದಲ್ಲಿ ನಲವತ್ತು ವರ್ಷ ಕಲ್ಲು ಒಡೆದು, ಕೆತ್ತಿ, ಗೋಡೆ ಕಟ್ಟಿದ ಮನುಷ್ಯ ಅವನು. ತಾನು ಕೂರಿಸಿದ ಎರಡು ಕಲ್ಲಿನ ಸಂದಿಯಲ್ಲಿ ಕೂದಲೂ ತೂರುವುದಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಸಿಕ್ಕವರೂ ಹೌದೆನ್ನುತ್ತಿದ್ದರು. ಇಲ್ಲವೆಂದರೆ ಮಾತು ಮುಗಿಯುತ್ತಿರಲಿಲ್ಲ.

ಡಬ್ಬಿ ಮುಷ್ಟಿಯಷ್ಟು ದೊಡ್ಡದು. ಅದರೊಳಗೆ ಉಗುರಿನಷ್ಟು ಒಂದು ಪ್ಲಾಸ್ಟಿಕ್ ತುಣುಕು. ಕೆಲವು ಕಲ್ಲುಗಳಿಂದ ರೇಡಾನ್ ಎಂಬ ಗಾಳಿ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಚ್ಚಿದ್ದ ಕಡೆ ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಭಯ. ಅದೇ ಗಾಳಿ ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಹಾಕುತ್ತದೆ. ಗೀರು ಎಣಿಸಿದರೆ ಕಲ್ಲಿನ ಗುಣ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮಾಡಿಕೊಟ್ಟವರು ವಸ್ತುವಿಜ್ಞಾನದವರು, ಯಾವ ಕಲ್ಲಿನ ಹತ್ತಿರ ಇಡಬೇಕೆಂದು ಹೇಳಿದವರು ಭೂವಿಜ್ಞಾನದವರು, ಲೆಕ್ಕಕ್ಕೆ ಕಾದು ಕೂತವರು ಕ್ಯಾನ್ಸರ್ ವೈದ್ಯರು. ಮೂವರ ನಡುವೆ ಓಡಾಡುತ್ತಿದ್ದವಳು ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಸಬಾ.

"ಮೂರು ವಿದ್ಯಾದವರು ಕೂಡಿ ಒಂದ ಡಬ್ಬಿ ಕೊಟ್ಟಾರ?" ಎಂದು ಯಾಕೂಬಸಾಬ ಮೊದಲ ದಿನ ನಕ್ಕಿದ್ದ.

ಆ ನಗು ಮೇಲುಮೇಲಿನದು. ಸಬಾಳ ತಾಯಿ ಮಜೀದಾ ಅವನ ಒಬ್ಬಳೇ ತಂಗಿ. ಎರಡು ವರ್ಷದ ಹಿಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ಬೀಡಿಯ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದವಳಿಗೆ ಆ ರೋಗ ಯಾಕೆ ಬಂತೆಂದು ಕೇಳಿದರೆ ಡಾಕ್ಟರು ಎರಡೂ ಕೈ ಬಿಚ್ಚಿ ತೋರಿಸಿದ್ದರು. ಸುರಪುರದಲ್ಲಿ ಅವಳು ಬಾಳಿದ ಮನೆಯನ್ನು ಮದುವೆಯ ಉಡುಗೊರೆಯಾಗಿ ಕಟ್ಟಿಕೊಟ್ಟವನು ಯಾಕೂಬಸಾಬನೇ. ಅದರ ಒಂದೊಂದು ಕಲ್ಲೂ ಶಹಾಪುರದ ಗುಡ್ಡದ ಹಳೇ ಖಣಿಯದು, ಅವನೇ ಒಡೆದು ಸಾಗಿಸಿದ್ದು.

ಕಲ್ಲಿನ ಗಾಳಿಯ ವಿಷಯವನ್ನು ಸಬಾ ಊಟಕ್ಕೆ ಕೂತಾಗ ಹೇಳಿದ್ದಳು. "ನಮ್ಮ ಖಣಿ ಕಲ್ಲೂನಾ?" ಎಂದು ಕೇಳಿದ್ದ. "ಅಳತಿ ಮಾಡ್ದ ಹ್ಯಾಂಗ ಹೇಳ್ಲಿ ಮಾಮು," ಎಂದಿದ್ದಳು. ಅವತ್ತಿನಿಂದ ಅವನು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ತಂಗಿಯನ್ನು ತನ್ನ ಕೈಯಾರೆ ಕೊಂದೆನೇನೋ ಎಂಬ ಹೆದರಿಕೆ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಸುರಪುರದ ಮನೆಯೊಳಗಿಟ್ಟಿದ್ದ ಡಬ್ಬಿಯನ್ನು ಸುಣ್ಣ ಹಚ್ಚುವವರು ಗೋಡೆಯ ಜೊತೆಗೇ ಬಳಿದು ಹಾಕಿದ್ದರು. ಉಳಿದದ್ದು ಖಣಿಯ ಗವಿಯದು ಒಂದೇ. ಗೀರು ಎಣಿಸುವ ಯಂತ್ರದಲ್ಲಿ ಸಬಾಳ ಸರದಿ ನಾಳೆ ಬೆಳಿಗ್ಗೆ. ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು.

ಗುಡ್ಡದ ಬುಡದಲ್ಲಿ ಹಣಮಂತಮ್ಮ ಕಂಬಳಿ ಹೊದ್ದು ಕಾದಿದ್ದಳು. ಆ ಗುಡ್ಡದಲ್ಲಿ ಆಡು ಮೇಯಿಸುತ್ತಲೇ ಅರವತ್ತು ದಾಟಿದವಳು. ಖಣಿಯ ಹಳೇ ದಾರಿ ಜಾಲಿ ಬೆಳೆದು ಮುಚ್ಚಿಹೋಗಿತ್ತು. ಆಡಿನ ದಾರಿ ಗೊತ್ತಿದ್ದವಳು ಅವಳೊಬ್ಬಳೇ. ಮೂರು ತಿಂಗಳ ಹಿಂದೆ ಡಬ್ಬಿ ಇಡಲು ಬಂದ ಯಾಕೂಬಸಾಬನನ್ನು ಗವಿಯ ಹತ್ತಿರದವರೆಗೆ ಮುಟ್ಟಿಸಿ ಆಡಿನ ಹಿಂದೆ ಹೋದವಳೂ ಅವಳೇ. ಸಬಾ ಅವಳನ್ನು ಕಂಡವಳೇ ಕೈ ಚಾಚಿದಳು.

"ಚಂಚಿ ಕೊಡ್ರಿ ಅಮ್ಮ. ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರ್ತದ."

"ಗುಡ್ಡ ಹತ್ತಾಕ ಬಂದೀನೋ ದವಾಖಾನಿಗಿ ಬಂದೀನೋ?" ಎಂದು ಹಣಮಂತಮ್ಮ ಯಾಕೂಬಸಾಬನತ್ತ ನೋಡಿದಳು.

"ಕೊಟ್ಟುಬಿಡವ್ವ. ನನ್ನ ಬೀಡಿ ಹೋದ ವರ್ಷನ ಕಸ್ಕೊಂಡಾಳ."

ತಂಬಾಕು, ಅಡಿಕೆ, ಸುಣ್ಣದ ಡಬ್ಬಿ ಸಮೇತ ಚಂಚಿ ಸಬಾಳ ಚೀಲ ಸೇರಿತು. ಮೂವರೂ ಹತ್ತತೊಡಗಿದರು.

ಶಹಾಪುರದ ಗುಡ್ಡವನ್ನು ದೂರದಿಂದ ನೋಡಿದವರು ಮಲಗಿದ ಬುದ್ಧ ಎಂದು ಕೈ ಮುಗಿಯುತ್ತಾರೆ. ಹತ್ತುವವರಿಗೆ ಕೈ ಮುಗಿಯಲು ಕೈ ಖಾಲಿ ಇರುವುದಿಲ್ಲ. ಒಂದರ ಮೇಲೊಂದು ಪೇರಿಸಿದ ಗುಂಡುಗಲ್ಲುಗಳು, ಅವುಗಳ ನಡುವೆ ಒಣಗಿದ ಹುಲ್ಲು, ಅಲ್ಲಲ್ಲಿ ಸೀತಾಫಲದ ಬೋಳು ಗಿಡ. ಮಾರ್ಚಿನ ಬಿಸಿಲಿಗೆ ಬಂಡೆಗಳು ಹತ್ತು ಗಂಟೆಗೇ ಕಾದಿದ್ದವು. ಕೆಳಗೆ ಕಾಲುವೆಯ ನೀರು ಹೋದಲ್ಲೆಲ್ಲ ಭತ್ತದ ಹಸಿರು, ನೀರು ಹೋಗದಲ್ಲಿ ಕರಿ ಎರೆ ಹೊಲ. ಹಣಮಂತಮ್ಮ ಬರಿಗಾಲಲ್ಲಿ ಮುಂದೆ, ಚೀಲ ಹೊತ್ತ ಸಬಾ ನಡುವೆ, ಕಲ್ಲು ಕೆತ್ತುವ ಚಾಣ, ಸುತ್ತಿಗೆ ಹೊತ್ತು ಏದುಸಿರು ಬಿಡುವ ಯಾಕೂಬಸಾಬ ಹಿಂದೆ.

ಗವಿಗೆ ಒಂದು ಮಾರು ಮುಂಚೆ ದಾರಿ ಮುಗಿದು ಬಂಡೆಯ ಅಂಚು ಬಂತು. ಒಂದು ಪಾದದಷ್ಟೇ ಅಗಲ. ಕೆಳಗೆ ಖಣಿಯ ಗುಂಡಿ.

"ಕೆಳಗ ನೋಡಬ್ಯಾಡ್ರಿ," ಎಂದಳು ಹಣಮಂತಮ್ಮ.

ಯಾಕೂಬಸಾಬ ತಕ್ಷಣ ಕೆಳಗೆ ನೋಡಿದ. ಸುತ್ತಿಗೆ ಜಾರಿತು. ಸಬಾ ಗಬಕ್ಕನೆ ಹಿಡಿದಳು.

"ಮೂರು ತಿಂಗಳ ಹಿಂದ ಹ್ಯಾಂಗ ದಾಟಿದ್ರಿ ಮಾಮು?"

"ಅವತ್ತ ಯಾರೂ ನೋಡಬ್ಯಾಡ್ರಿ ಅಂದಿರಲಿಲ್ಲ."

ಬಂಡೆಗೆ ಹೊಟ್ಟೆ ಹಚ್ಚಿ, ಏಡಿಯಂತೆ ಅಡ್ಡಡ್ಡ ನಡೆದು ಗವಿಯ ಬಾಯಿ ತಲುಪಿದರು. ಅಲ್ಲಿ ಹಣಮಂತಮ್ಮ ತುಟಿಯ ಮೇಲೆ ಬೆರಳಿಟ್ಟು ಮೇಲೆ ತೋರಿಸಿದಳು. ಗವಿಯ ನೆತ್ತಿಯ ಮೇಲೆ ಕಪ್ಪಗೆ, ಮೊರದಷ್ಟು ಅಗಲದ ಹೆಜ್ಜೇನು ತೂಗುತ್ತಿತ್ತು. ಬೇವು ಹೊಂಗೆ ಹೂಬಿಡುವ ಕಾಲಕ್ಕೆ ಹೊಸದಾಗಿ ಬಂದು ಕಟ್ಟಿದ್ದು.

"ಸಪ್ಪಳ ಮಾಡಿದ್ರ ಮುಗೀತು. ಹ್ವಾದ ವರ್ಷ ಒಂದು ಆಡು ಕೊಂದಾವ," ಎಂದು ಪಿಸುಗುಟ್ಟಿದಳು.

ಒಳಗೆ ಹೋದರು. ಗವಿ ಒಂದು ಕೋಣೆಯಷ್ಟು, ಮೂರು ಕಡೆ ಬಂಡೆಯ ಗೋಡೆ. ಸಬಾ ಸುತ್ತ ನೋಡಿದಳು. ಡಬ್ಬಿ ಇರಲಿಲ್ಲ.

"ಎಲ್ಲಿ ತೂಗು ಹಾಕೀರಿ ಮಾಮು?"

ಯಾಕೂಬಸಾಬ ಕಾದಿದ್ದ ಗಳಿಗೆ ಇದೇ. ಎದೆ ಸೆಟೆಸಿ, ಪಿಸುಮಾತಿನಲ್ಲೇ ಜಂಭ ಕೊಚ್ಚಿದ. "ತೂಗು ಹಾಕಿದ್ರ ಮಂಗ್ಯಾ ಒಯ್ತಾವ. ಯಾರ ಕೈಗೂ ಸಿಗಬಾರ್ದು ಅಂದಿದ್ದಿಲ್ಲ? ಗ್ವಾಡ್ಯಾಗ ಗೂಡು ಕೊರದು ಇಟ್ಟು, ಅದ ಗ್ವಾಡಿ ಕಲ್ಲಿನ ಚಕ್ಕಿ ತಗದು ಮುಚ್ಚಳ ಕೂಡಿಸೀನಿ. ಹುಡುಕು ನೋಡೂಣು."

ಸಬಾಳ ಮುಖ ಬಿಳಿಚಿತು. "ಮುಚ್ಚೀರಿ? ಗಾಳಿ ಆಡೋ ಜಾಗದಾಗ ಇಡ್ರಿ ಅಂದಿದ್ನಲ್ಲ!"

"ಅದನ್ನೂ ಅಂದಿದ್ದಿ. ಎರಡೂ ಅಂದ್ರ ನಾ ಯಾವುದು ಮಾಡ್ಲಿ?"

ಅವಳು ಹಣೆ ಒತ್ತಿಕೊಂಡಳು. ಅಳತೆ ಕೆಟ್ಟಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಅದನ್ನು ಅವಳ ಮಾರ್ಗದರ್ಶಕರು ಹೇಳಬೇಕು. "ಇರ್ಲಿ. ಮೊದಲ ತಗೀರಿ ಹೊರಗ."

ಯಾಕೂಬಸಾಬ ಗೋಡೆಯ ಹತ್ತಿರ ಹೋದ. ಬೆರಳಾಡಿಸಿದ. ಎಡಕ್ಕೆ ಸರಿದ, ಬಲಕ್ಕೆ ಸರಿದ. ಕನ್ನಡಕ ಒರೆಸಿ ಹಾಕಿಕೊಂಡ. ಮತ್ತೆ ಎಡಕ್ಕೆ ಬಂದ.

"ಏನಾತು?"

"ಕಾಣವಲ್ದು."

"ಏನು ಕಾಣವಲ್ದು?"

"ಸಂದು." ಅವನ ದನಿಯಲ್ಲಿ ಗಾಬರಿಯ ಜೊತೆ ಒಂದಿಷ್ಟು ಹೆಮ್ಮೆಯೂ ಇತ್ತು. "ಭಾಳ ಚಲೋ ಕುಂತದ."

ಹಣಮಂತಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಸಬಾಳಿಗೆ ನಗು ಬರಲಿಲ್ಲ. ಗಂಟೆ ಹನ್ನೆರಡೂವರೆಯಾಗಿತ್ತು.

ಬೇರೆ ದಿನವಾಗಿದ್ದರೆ ಸುತ್ತಿಗೆಯಿಂದ ಬಡಿಯುತ್ತ ಹೋದರೆ ಸಾಕಿತ್ತು. ಪೊಳ್ಳು ಇದ್ದಲ್ಲಿ ಕಲ್ಲಿನ ದನಿ ಬದಲಾಗುತ್ತದೆ. ಆದರೆ ತಲೆಯ ಮೇಲೆ ಹೆಜ್ಜೇನು. ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಹಚ್ಚಿದ. ತನ್ನ ಎದೆಯ ಬಡಿತ ಬಿಟ್ಟು ಏನೂ ಕೇಳಿಸಲಿಲ್ಲ. ಅರ್ಧ ಗಂಟೆ ಹೀಗೇ ಹೋಯಿತು. ಸೋತು ಗೋಡೆಗೆ ಬೆನ್ನು ಕೊಟ್ಟು ಕುಸಿದ.

"ಇದು ಸಿಗದಿದ್ರ ನನಗ ಯಾವಾಗಲೂ ತಿಳಿಯೂದಿಲ್ಲ, ಬೇಟಾ," ಎಂದ. ಇಷ್ಟು ದಿನ ಬಚ್ಚಿಟ್ಟ ಮಾತು ಬಾಯಿಗೆ ಬಂತು. "ಮಜೀದಾಗ ನನ್ನ ಕಲ್ಲ ಮುಳುವಾತೇನೋ ಅಂತ."

ಸಬಾ ಪಕ್ಕದಲ್ಲಿ ಕೂತು ನೀರಿನ ಬಾಟಲಿ ಮುಂದೆ ಹಿಡಿದಳು. ಅದೇ ಕೊನೆಯ ಬಾಟಲಿ. ಕುಡಿಯುವಾಗ ಬಾಟಲಿ ವಾಲಿ ಒಂದಿಷ್ಟು ನೀರು ಪಕ್ಕದ ಬಂಡೆಯ ಮೇಲೆ ಚೆಲ್ಲಿತು. ಯಾಕೂಬಸಾಬ ಆ ಒದ್ದೆಯನ್ನು ನೋಡುತ್ತ ಕೂತ. ಬಂಡೆ ಸರಸರನೆ ಆರಿತು, ಅದರೊಳಗಿದ್ದ ಒಂದು ಸಣ್ಣ ಬಿರುಕು ಮಾತ್ರ ಕಪ್ಪಗೆ ಉಳಿಯಿತು.

ದಡಕ್ಕನೆ ಎದ್ದ. "ಹುಚ್ಚ ನಾನು! ಕಲ್ಲು ಕೊಳ್ಳೋ ಮುಂಚೆ ನೀರು ಹಚ್ಚಿ ನೋಡ್ರಿ ಅಂತ ಊರಿಗೆಲ್ಲ ಹೇಳ್ತೀನಿ."

ತಲೆಯ ರುಮಾಲು ಬಿಚ್ಚಿ, ಉಳಿದ ನೀರನ್ನೆಲ್ಲ ಅದಕ್ಕೆ ಸುರಿದು ಗೋಡೆಗೆ ಒತ್ತಿ ಒರೆಸಿದ. ಕುಡಿಯಲು ಒಂದು ಹನಿ ಉಳಿಯಲಿಲ್ಲ. ಮೂವರೂ ಉಸಿರು ಹಿಡಿದು ನಿಂತರು. ಗವಿಯ ಬಾಯಿಂದ ಬಿಸಿಗಾಳಿ ಬೀಸಿತು. ಗೋಡೆ ಮೇಲಿನಿಂದ ಆರುತ್ತ ಬಂತು. ಕೊನೆಗೆ ನಾಲ್ಕು ಕಪ್ಪು ಗೆರೆ ಉಳಿದವು, ಅಳೆದು ಎಳೆದಂಥ ಚೌಕ. ಈಗಷ್ಟೇ ಅವನು ಬೆನ್ನು ಕೊಟ್ಟು ಕೂತಿದ್ದ ಜಾಗದಿಂದ ಒಂದು ಮೊಳ ಮೇಲೆ.

"ನೋಡ್ರಿ ಕೆಲಸ!" ಎಂದ ಯಾಕೂಬಸಾಬ, ಕಣ್ಣಲ್ಲಿ ನೀರಿದ್ದರೂ.

ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಮುಚ್ಚಳ ಬರಲಿಲ್ಲ. ಚಾಣದ ತುದಿ ಇಟ್ಟು ಒತ್ತಿದ, ತೂಕ ಹಾಕಿದ, ಬೈದ. ಕದಲಲಿಲ್ಲ.

"ಒಂದು ಏಟು ಹಾಕಬೇಕು," ಎಂದ.

ಮೂವರೂ ಮೇಲೆ ನೋಡಿದರು. ಹಣಮಂತಮ್ಮ ಕಂಬಳಿ ಬಿಚ್ಚಿ ಮೂವರ ತಲೆಯ ಮೇಲೆ ಹರವಿದಳು. "ಒಂದ ಏಟಿಗೆ ಬರ್ತದೇನು?"

"ಬರದಿದ್ರ ನನ್ನ ಹೆಸರು..."

"ಹೆಸರು ಆಮ್ಯಾಲ. ಏಟು ಹಾಕು."

ಠಣ್!

ಮುಚ್ಚಳ ಹಾರಿತು. ಸಬಾ ಕೈ ತೂರಿಸಿ ಡಬ್ಬಿ ಕಿತ್ತಳು. ಅದರ ಬಾಯಿ ಮುಚ್ಚಿ, ಬೆಳ್ಳಿ ಹಾಳೆ ಸುತ್ತಿ ಎದೆಗೆ ಅವಚಿಕೊಂಡಳು.

ಹೊರಗೆ ಗುಂಯ್ ಎಂದು ಶುರುವಾಯಿತು.

"ಬಗ್ಗರಿ! ಕಂಬಳಿ ಬಿಡಬ್ಯಾಡ್ರಿ!"

ಆರು ಕಾಲಿನ ಒಂದು ಕರಿ ಪ್ರಾಣಿ ಗವಿಯಿಂದ ಹೊರಬಂತು. ಹಣಮಂತಮ್ಮ ಕಂಬಳಿಯ ತೂತಿನಿಂದ ದಾರಿ ನೋಡಿ ಎಡ ಎಂದರೆ ಎಡ, ಬಲ ಎಂದರೆ ಬಲ. ಹೊರಗೆ ಹುಳುಗಳು ಕಂಬಳಿಗೆ ಬಡಿದು ಆಲಿಕಲ್ಲು ಬಿದ್ದಂತೆ ಸದ್ದು. ಒಂದು ಹುಳು ಒಳಗೆ ನುಗ್ಗಿತು.

"ಯಾ ಅಲ್ಲಾ! ಕಿವಿ!"

"ಕಿವಿ ಎರಡದಾವ, ನಡಿ!" ಎಂದು ಹಣಮಂತಮ್ಮ ದಬ್ಬಿದಳು.

ಅಂಚಿನ ಮೇಲೆ ಬಂದಾಗ ಯಾಕೂಬಸಾಬನಿಗೆ ಕೆಳಗಿನ ಗುಂಡಿ ನೆನಪೇ ಆಗಲಿಲ್ಲ. ಕಂಬಳಿಯೊಳಗೆ ಕಾಣುತ್ತಿದ್ದದ್ದು ಸಬಾಳ ಚಪ್ಪಲಿ ಮಾತ್ರ. ಅದು ಎಲ್ಲಿ ಹೋಯಿತೋ ಅಲ್ಲೇ ಕಾಲಿಟ್ಟ. ಅಂಚು ದಾಟಿದರು. ಉರುಳಿದರು, ಎದ್ದರು, ಜಾಲಿಯೊಳಗೆ ನುಗ್ಗಿ ಆಚೆ ಬಂದರು. ಬುಡ ಮುಟ್ಟುವ ಹೊತ್ತಿಗೆ ಗುಂಯ್ ಸದ್ದು ಮೇಲೆಲ್ಲೋ ಉಳಿದಿತ್ತು.

ಬೋರಿನ ನೀರಿಗೆ ಬಾಯಿ ಹಚ್ಚಿ ಕುಡಿದರು. ಯಾಕೂಬಸಾಬನ ಬಲಗಿವಿ ಬದನೆಕಾಯಿಯಷ್ಟಾಗಿತ್ತು. ಸಬಾ ಚೀಲ ತಡಕಾಡಿದಳು. ಮೂರು ವಿದ್ಯೆಯ ಚೀಲದಲ್ಲಿ ಹುಳು ಕಡಿದದ್ದಕ್ಕೆ ಒಂದು ಮುಲಾಮು ಇರಲಿಲ್ಲ.

"ನನ್ನ ಚಂಚಿ ಕೊಡವ್ವ," ಎಂದು ಹಣಮಂತಮ್ಮ ಸುಣ್ಣದ ಡಬ್ಬಿ ತೆಗೆದು ಕಿವಿಗೆ ಬಳಿದಳು. ಆಮೇಲೆ ತಂಬಾಕನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಇದಕ್ಕೂ ಒಂದು ಡಬ್ಬಿ ಅದೇನು, ಗೀರು ಎಣಿಸಾಕ?"

"ಅದಕ್ಕ ಡಬ್ಬಿ ಬ್ಯಾಡ್ರಿ ಅಮ್ಮ. ಎಣಿಸಿ ಆಗ್ಯಾದ."

ಹಣಮಂತಮ್ಮ ಸುಣ್ಣ ಅಡಿಕೆ ಇಟ್ಟುಕೊಂಡು ತಂಬಾಕನ್ನು ಅವಳ ಕೈಗೇ ಕೊಟ್ಟಳು. "ಇವತ್ತಿನ ಮಟ್ಟಿಗೆ," ಎಂದಳು.

ನಾಲ್ಕರ ಬಸ್ಸು ನಾಲ್ಕೂ ಇಪ್ಪತ್ತಕ್ಕೆ ಬಂತು. ಕೂದಲಲ್ಲಿ ಜಾಲಿ ಮುಳ್ಳು ಸಿಕ್ಕಿಸಿಕೊಂಡ ಸಬಾ ಡಬ್ಬಿ ಹಿಡಿದು ಹತ್ತಿದಳು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಯಾಕೂಬಸಾಬ ಅದನ್ನು ಊದಿದ ಕಿವಿಗೆ ಹಚ್ಚಿ, ಆಯ್ ಎಂದು, ಆಚೆಯ ಕಿವಿಗೆ ಹಚ್ಚಿದ.

"ಮಾಮು, ನಮ್ಮ ಸರ್ ನಿಮ್ಮ ಗೂಡಿನ ಕಥಿ ಕೇಳಿ ನಕ್ಕು ನಕ್ಕು ಸಾಕಾದ್ರು. ಆದ್ರ ಕೇಳ್ರಿ. ಗೂಡು ಮುಚ್ಚಿದ್ರ ಕಲ್ಲಿನ ಗಾಳಿ ಎಲ್ಲೂ ಹೋಗೂದಿಲ್ಲ, ಒಳಗ ತುಂಬ್ತದ. ಕಿಡಕಿ ಬಾಗಿಲಾ ಇರೋ ಮನಿಗಿಂತ ಎಷ್ಟೋ ಪಟ್ಟು ಕಠಿಣ ಪರೀಕ್ಷಾ ಅಂತ. ಅಂಥಾದ್ರಾಗೂ ಗೀರು ಭಾಳ ಕಡಿಮಿ ಬಂದಾವ."

ಅವನು ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡ.

"ಅಮ್ಮಿಗೆ ಯಾಕ ಬಂತು ಅನ್ನೋದು ನನಗ ಇನ್ನೂ ಗೊತ್ತಿಲ್ಲ. ಅದನ್ನ ಇನ್ನೂ ಹುಡುಕ್ತೀನಿ. ಆದ್ರ ನಿಮ್ಮ ಕಲ್ಲು ಬೇಗುನಾ ಮಾಮು, ಅದರದೇನೂ ತಪ್ಪಿಲ್ಲ. ಕೇಳಾಕತ್ತೀರಾ?"

"ಕೇಳಾಕತ್ತೀನಿ ಬೇಟಾ."

ಅವತ್ತೇ ಸುರಪುರದ ಬಸ್ಸು ಹತ್ತಿದ. ಒಂದು ಕಿವಿಗೆ ಸುಣ್ಣ ಬಳಿದುಕೊಂಡ ಮುದುಕನನ್ನು ಬಸ್ಸಿನವರೆಲ್ಲ ನೋಡಿದರು; ಅವನು ಯಾರನ್ನೂ ನೋಡಲಿಲ್ಲ. ಬೀಗ ತೆಗೆದು, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಮಜೀದಾ ಕೂತು ಅಕ್ಕಿ ಆರಿಸುತ್ತಿದ್ದ ಜಾಗದ ಗೋಡೆಯ ಮೇಲೆ ಅಂಗೈ ಇಟ್ಟ. ಕಲ್ಲು ತಣ್ಣಗಿತ್ತು.

"ತಡ ಆತವ್ವ, ಬಂದೀನಿ," ಎಂದು ಆ ಗೋಡೆಗೆ ಬೆನ್ನು ಆನಿಸಿ ಕೂತ.