ಮಾತ್ರೆ ನಾಟಿದರೆ ಮದುವೆ

ನಬುಕೀರ ಲ್ಯಾಬಿನ ಬಾಗಿಲಲ್ಲೇ ನಿಂತು, ಸುಟ್ಟ ಬಾಳೆಹಣ್ಣಿನ ಪೊಟ್ಟಣವನ್ನು ಮೂಸುತ್ತಾ ನನಗೆ ಆಸೆ ಹುಟ್ಟಿಸುತ್ತಿದ್ದಳು. ಒಳಗೆ ತಿಂಡಿ ತರುವಂತಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು.

"ಏನಯ್ಯಾ ಕಿವುಂಬಿ, ನನಗಿಂತ ನನ್ನ ಗಡ್ಡೆ ಜೊತೇಲೇ ಜಾಸ್ತಿ ಹೊತ್ತು ಇರ್ತೀಯ. ಹೊಟ್ಟೆ ಉರಿಯುತ್ತೆ ನಂಗೆ."

"ಅದು ನಿನ್ನ ಹಾಗೆ ರೇಗಿಸಲ್ಲ."

ಅವಳು ಕಣ್ಣಂಚಿನಲ್ಲಿ ನಕ್ಕಳು. ಆ ನಗು ಕಂಡರೆ ನಮ್ಮ ಕಂಪಾಲಾ ನಗರದ ಟ್ರಾಫಿಕ್ ಕೂಡ ಮರೆತುಹೋಗುತ್ತದೆ. ಇವತ್ತು ಅದನ್ನು ನೋಡಲು ನನ್ನಿಂದಾಗಲಿಲ್ಲ.

ಅವಳ ಎದೆಯಿಂದ ತೆಗೆದ ಗಡ್ಡೆಯ ಜೀವಕೋಶಗಳನ್ನು, ಅವಳ ಒಪ್ಪಿಗೆ ಪಡೆದು, ನಾನೇ ತಟ್ಟೆಯಲ್ಲಿ ಬೆಳೆಸುತ್ತಿದ್ದೆ. ಅವು ಬೆಳೆಯುವುದು ಈಸ್ಟ್ರೋಜನ್ ಹಾರ್ಮೋನಿನ ಬಲದಿಂದ. ಅದನ್ನು ತಯಾರಿಸುವ ಕಿಣ್ವವನ್ನು ತಡೆಯುವುದು ಅವಳ ಮಾತ್ರೆಯ ಕೆಲಸ. ಕ್ಯಾನ್ಸರ್ ಮೂಳೆಗೆ ಹರಡಿತ್ತು, ಕೀಮೋ ಸೋತಿತ್ತು. ಉಳಿದದ್ದು ಆ ಮಾತ್ರೆಯೊಂದೇ.

"ಮಾತ್ರೆ ನಾಟಿದರೆ ಮದುವೆ. ಇಲ್ಲದಿದ್ದರೆ ನಮ್ಮನೆ ಕಡೆ ತಲೆ ಹಾಕಬೇಡ," ಎಂದಿದ್ದಳು. ಇಂಥ ಷರತ್ತು ಬೇಡವೆಂದು ಅವಳ ಸೋದರತ್ತೆ ಎಷ್ಟು ಅಂಗಲಾಚಿದರೂ ಜಗ್ಗಿರಲಿಲ್ಲ.

ಮೊದಲ ಸಲ ತಟ್ಟೆಗೆ ಆ ಮಾತ್ರೆಯ ಔಷಧ ಹಾಕಿದರೂ ಕೋಶಗಳು ಬೆಳೆದವು. ಆಮೇಲೆ ನೋಡಿದರೆ, ನಾನು ಅವನ್ನು ಬೆಳೆಸಿದ್ದು ಕೆಂಪು ಬಣ್ಣದ ಪೋಷಕ ದ್ರವದಲ್ಲಿ. ಆ ಬಣ್ಣವೇ ಒಂದಿಷ್ಟು ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆ. ನನ್ನ ದಡ್ಡತನಕ್ಕೆ ನಾನು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಬಣ್ಣವಿಲ್ಲದ ದ್ರವದಲ್ಲಿ ಮತ್ತೆ ಮಾಡಿದೆ. ಮತ್ತೆ ಬೆಳೆದವು.

"ಈ ಸಲ ತಪ್ಪು ಮಾಡಿಲ್ಲ ತಾನೆ? ನಾಟ್ತಾ ಮಾತ್ರೆ?" ಎಂದಳು.

ನಾಟಿದೆ ಎಂದು ಹೇಳಿಬಿಡಲು ನಾಲಿಗೆ ತುರಿಸಿತು. ಆದರೆ ಹೇಳಲಾಗಲಿಲ್ಲ.

"ಇಲ್ಲ ಕೀರಾ. ಒಂದು ಕಿಣ್ವನ ಕಟ್ಟಿಹಾಕಿದ್ರೆ ಇನ್ನೊಂದು ಎದ್ದಿದೆ. ತಟ್ಟೆಗೆ ಹಾಕಿದ ರಕ್ತಸಾರದಲ್ಲಿ ತೆಪ್ಪಗೆ ಬಿದ್ದಿರೋ ಹಾರ್ಮೋನನ್ನೇ ಎಬ್ಬಿಸಿ ಕೋಶಗಳಿಗೆ ಕೊಡ್ತಿದೆ. ಮಾತ್ರೆ ನಾಟ್ತಿಲ್ಲ."

ಅವಳು ಪೊಟ್ಟಣವನ್ನು ಹೊರಗಿನ ಬೆಂಚಿನ ಮೇಲಿಟ್ಟು ಒಳಗೆ ಬಂದಳು. ಬಗ್ಗಿ ಮೈಕ್ರೋಸ್ಕೋಪಿನಲ್ಲಿ ಬಹಳ ಹೊತ್ತು ನೋಡಿದಳು.

"ನಾನು ಹೋದ್ಮೇಲೂ ಇವು ಇರ್ತಾವಾ?"

"ಊಟ ಹಾಕ್ತಿದ್ರೆ ಇರ್ತಾವೆ."

"ಸಾಯಿಸಿಬಿಡು. ನಾನಿಲ್ದೆ ಇವು ನಿನ್ನ ಜೊತೆ ಇರೋದು ಬೇಡ."

"ತಟ್ಟೇಲಿ ಸಾಯಿಸೋದು ಗೊತ್ತು," ಎಂದೆ. "ನಿನ್ನೊಳಗೆ ಇರೋವುಗಳನ್ನ ಏನ್ ಮಾಡ್ಲಿ ಅಂತ ಗೊತ್ತಿಲ್ಲ."

ಅವಳು ನನ್ನ ಕೋಟಿನ ಗುಂಡಿ ಹಿಡಿದುಕೊಂಡಳು.

"ಪೆದ್ದ ಕಣೋ ನೀನು. ನಾಟಿದೆ ಅಂತ ಒಂದು ಸುಳ್ಳು ಹೇಳಿದ್ರೆ ಸಾಕಿತ್ತು. ನಂಬಿ ನಿನ್ನ ಮದುವೆ ಆಗ್ಬಿಡೋಣ ಅಂತಲೇ ಬಂದಿದ್ದೆ."

"ಈಗ ಹೇಳಲಾ?"

"ಈಗ ಹೇಗೆ ನಂಬಲಿ," ಎಂದು ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು.