ಜೋಳದ ಡಬ್ಬಿಯೊಳಗಿನ ಫೋನು

ಮಗಳು ದಾನೇಶ್ವರಿ ತೊಟ್ಟಿಲಲ್ಲಿದ್ದಾಗ ನನ್ನ ಯಜಮಾನರು ಪಂಪಾಪತಿ ಒಂದು ಮಾತು ಕೊಟ್ಟಿದ್ದರು, ಊಟಕ್ಕೆ ಕೂತಾಗ ಫೋನು ಮುಟ್ಟುವುದಿಲ್ಲ ಅಂತ. ಆ ಹೊತ್ತಾದರೂ ನನ್ನದಾಯಿತು ಅಂದುಕೊಂಡಿದ್ದೆ. ಆದರೆ ಮಗಳು ಸಾಲಿಗೆ ಹೋಗುವಷ್ಟು ದೊಡ್ಡವಳಾದರೂ ಆ ಮಾತು ನಡೆದಿರಲಿಲ್ಲ.

ಹೋದ ಯುಗಾದಿಗೆ ಅವರಾಗಿಯೇ ಕೂತು ಫೋನಿನಲ್ಲಿದ್ದ ವಿಡಿಯೊ, ಆಟ, ವಾಟ್ಸಾಪ್ ಎಲ್ಲ ತೆಗೆದುಹಾಕಿದರು. ಪರದೆಯ ಬಣ್ಣವನ್ನೂ ತೆಗೆದು ಬೂದಿಯಂತೆ ಮಾಡಿದರು.

"ಇನ್ನ ಇದು ಬರೇ ಕರೆ ಮಾಡಾಕ ಐತಿ. ಸಮಾಧಾನ ಆತೇನ ಮಾರಾಯ್ತಿ?" ಎಂದು ಅದನ್ನು ಆಫ್ ಮಾಡಿ ಜೋಳದ ಡಬ್ಬಿಯಲ್ಲಿ ಹೂತಿಟ್ಟರು.

ಹಬ್ಬದ ಮರುದಿನ ರಾತ್ರಿ, ಭಾಗ್ಯನಗರದ ಚೌರಿ ಕಾರ್ಖಾನೆಯಲ್ಲಿ ದಿನವಿಡೀ ಕೂದಲು ಆರಿಸಿ ಬಂದವಳು ರೊಟ್ಟಿ ಬಡಿದು ಬಡಿಸಿದೆ. ನಾಲ್ಕು ಮಾತಾಡಲಿ ಎಂದು ಎದುರಿಗೆ ಕೂತೆ. ಅವರು ಸುಮ್ಮನೆ ಅಗಿಯುತ್ತಿದ್ದರು. ಆಗ ಡಬ್ಬಿಯೊಳಗಿಂದ ಅವರದೇ ದನಿ ಕೇಳಿಸಿತು. ಅವರು ದುಡಿಯುವ ಅಂಗಡಿಯಲ್ಲಿ ನಡೆದದ್ದು, ಬೆನ್ನುನೋವು, ಮಗಳ ಬಗೆಗಿನ ಚಿಂತೆ, ನನಗೆ ಹೇಳಬೇಕಾದ್ದನ್ನೆಲ್ಲ ಅದು ಮೆತ್ತಗೆ ಹೇಳುತ್ತಿತ್ತು. ನಡುನಡುವೆ ಒಬ್ಬ ಹೆಂಗಸು "ಹೂಂ" ಅನ್ನುತ್ತಿದ್ದಳು.

"ಅವ್ವಾ, ಅಪ್ಪ ಅದರೊಳಗ ಯಾರ ಜೊತಿ ಮಾತಾಡಾಕತ್ಯಾನ?" ಎಂದಳು ದಾನೇಶ್ವರಿ.

"ನನ್ನ ಬಾಯಾಗ ರೊಟ್ಟಿ ಐತಲ್ಲ" ಎಂದರು ಅವರು. ತಲೆ ಎತ್ತಲಿಲ್ಲ.

ನಾನೆದ್ದು ಡಬ್ಬಿಯೊಳಗೆ ಕೈ ಹಾಕಿದೆ. ಮೇಲಿನ ಜೋಳ ತಣ್ಣಗಿತ್ತು. ಅಡಿಯ ಜೋಳ ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಫೋನು ಆಫ್ ಆಗಿಯೇ ಇತ್ತು. ಸಿಮ್ ತೆಗೆದಿಟ್ಟೆ. ಮರುದಿನವೂ ಕೇಳಿಸಿತು.

ಈಗ ದಿನಾ ಅವರ ಎದುರಿಗೆ ಕೂತು ಡಬ್ಬಿಯ ಮಾತು ಕೇಳಿಸಿಕೊಳ್ಳುತ್ತೇನೆ. ಕೊಟ್ಟ ಮಾತಿನಂತೆ ಅವರು ಊಟಕ್ಕೆ ಕೂತಾಗ ಫೋನು ಮುಟ್ಟುವುದಿಲ್ಲ.