ಲಕ್ಕಣ್ಣನ ಹೆಸರಿಗೆ ಬಂದ ಫಿಯಟ್

ನಾನು ಲಕ್ಕಣ್ಣನೊಂದಿಗೆ ಮೊದಲ ಸಲ ಮಾತಾಡಿದಾಗ ಅವನ ಮುಖ ನೋಡಿರಲಿಲ್ಲ. ಕಾಲು ಮಾತ್ರ ಕಂಡಿತ್ತು.

ಎಪ್ಪತ್ತೇಳನೇ ಇಸವಿ. ಕಡೂರಿನ ಕಾಲೇಜಿನಿಂದ ಪಂಚನಹಳ್ಳಿಗೆ ಬಂದು ಬಸ್ಸಿಳಿದರೆ, ಮನೆ ಮುಂದೆ ಅಪ್ಪನ ಹಳೇ ಲ್ಯಾಂಡ್‌ಮಾಸ್ಟರ್ ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿದ್ದವು. ನಮ್ಮ ಮುದುಕ ಡ್ರೈವರ್ ಬೆನಕಪ್ಪನದೇ ಎಂದುಕೊಂಡು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಹಿಂದಿನ ದಿನ ಕ್ಲಾಸು ತಪ್ಪಿಸಿ ತರೀಕೆರೆಗೆ ಸಿನಿಮಾಕ್ಕೆ ಹೋಗಿದ್ದೆ, ಅಪ್ಪ ಕೇಳಿದರೆ ನನ್ನನ್ನು ಕಾಲೇಜಿನ ಹತ್ತಿರವೇ ಕಂಡೆ ಎನ್ನಬೇಕು ಎಂದು ಆ ಕಾಲುಗಳಿಗೆ ವಿವರವಾಗಿ ಹೇಳಿಕೊಟ್ಟೆ. ಕಾಲುಗಳು ಅಲುಗಾಡದೆ ಕೇಳಿಸಿಕೊಂಡವು. ಆಮೇಲೆ ಕಾರಿನಡಿಯಿಂದ ಜಾರಿಕೊಂಡು ಆಚೆ ಬಂದವನು ಇಪ್ಪತ್ಮೂರರ ಹುಡುಗ. ಕೆನ್ನೆಯೆಲ್ಲ ಗ್ರೀಸು.

"ಹಂಗೇ ಹೇಳ್ತೀನಿ ಬಿಡಿ," ಅಂದ. "ಸಿನಿಮಾ ಚೆನ್ನಾಗಿತ್ತಾ?"

ಬೆನಕಪ್ಪನಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟನೆಂದೂ, ಇವನು ತರೀಕೆರೆಯ ಗ್ಯಾರೇಜೊಂದರಲ್ಲಿ ಸೋದರಮಾವನ ಕೈಕೆಳಗೆ ಬೆಳೆದ ಲಕ್ಕಣ್ಣನೆಂದೂ ಅಮ್ಮ ಹೇಳಿದಳು. ಕಾರಿನ ವಿಷಯದಲ್ಲಿ ಅವನ ಕೈ ದೇವರ ಕೈ ಅಂತೆ. ಆ ಕೈಯನ್ನು ನಾನು ಆರು ತಿಂಗಳು ಕದ್ದು ಕದ್ದು ನೋಡಿದೆ.

ಲ್ಯಾಂಡ್‌ಮಾಸ್ಟರ್ ತಾನಾಗಿ ಸ್ಟಾರ್ಟ್ ಆಗುವ ಗಾಡಿಯಲ್ಲ. ಒಬ್ಬರು ಒಳಗೆ ಕೂತು ಕೀ ತಿರುಗಿಸಿ ಆಕ್ಸಿಲರೇಟರ್ ಒತ್ತಬೇಕು, ಇನ್ನೊಬ್ಬರು ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಕಾಲೇಜಿಗೆ ಬಿಡುವ ದಿನ ಒಳಗೆ ಕೂರುವವಳು ನಾನು. ಅವನು ಒಂದು ಸುತ್ತು ಹೊಡೆದು ತಲೆಯೆತ್ತಿ ಗಾಜಿನಾಚೆಯಿಂದ ನನ್ನನ್ನು ನೋಡುತ್ತಿದ್ದ. ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು ಮತ್ತೆ ಬಗ್ಗುತ್ತಿದ್ದ, ಮತ್ತೆ ಏಳುತ್ತಿದ್ದ, ಮತ್ತೆ ನೋಡುತ್ತಿದ್ದ. ಅಪ್ಪ ಕೂತರೆ ಎರಡೇ ಸುತ್ತಿಗೆ ಗುರ್ ಎನ್ನುವ ಗಾಡಿ ನಾನು ಕೂತರೆ ಹತ್ತು ಸುತ್ತು ತಗೊಳ್ಳುತ್ತಿತ್ತು. ನಾನು ಕೀ ತಿರುಗಿಸುತ್ತಲೇ ಇರಲಿಲ್ಲ. ಅದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಗೊತ್ತಿದ್ದೂ ಹೊಡೆಯುತ್ತಿದ್ದ.

ಹೀಗೆ ಶುರುವಾಯಿತು. ಜನರ ಮುಂದೆ ಅವನಿಗೆ ನಾನು ಹಾಲಮ್ಮೋರು. ಯಾರೂ ಇಲ್ಲದಾಗ ಹಾಲು. ಅವನು ನನಗೆ ಲಕ್ಕ. ಹೆಸರಿನ ಹಿಂದಿದ್ದ ಅಣ್ಣನನ್ನು ನಾನು ಬೇಕೆಂದೇ ಕತ್ತರಿಸಿ ಎಸೆದಿದ್ದೆ.

ಆಗ ಹೊಸ ಕಾರೆಂದರೆ ಹೋಗಿ ಕೊಂಡು ತರುವ ವಸ್ತುವಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಮಗು ಹುಟ್ಟಿ ಸ್ಕೂಲಿಗೆ ಸೇರಿದರೂ ಕಾರು ಬರುತ್ತಿರಲಿಲ್ಲ. ಅದಕ್ಕೇ ಉಳ್ಳವರು ತಮ್ಮ ಹೆಸರಿಗೊಂದು, ಗುಮಾಸ್ತನ ಹೆಸರಿಗೊಂದು, ಡ್ರೈವರ್ ಹೆಸರಿಗೊಂದು ಬುಕ್ ಮಾಡಿಡುತ್ತಿದ್ದರು. ಯಾರ ಸರದಿ ಮೊದಲು ಬಂದರೂ ಗಾಡಿ ಧಣಿಯದೇ. ನನ್ನಪ್ಪ ರಂಗಪ್ಪ ಕೊಬ್ಬರಿ ವ್ಯಾಪಾರಿ. ಅಪ್ಪನೂ ಹಾಗೇ ಮಾಡಿ, ಲಕ್ಕಣ್ಣನ ಹೆಸರಲ್ಲಿ ಒಂದು ಫಿಯಟ್ ಬರೆಸಿದ. ಸೈನ್ ಹಾಕಿ ಬಂದ ಸಂಜೆ ಲಕ್ಕ ಅದರ ರಸೀದಿಯನ್ನು ನನಗೆ ನಾಲ್ಕು ಸಲ ತೋರಿಸಿದ. ತಮಾಷೆ ಮಾಡಿ ನಕ್ಕೆ. ನಗಬಾರದಿತ್ತು.

ಎಂಬತ್ತರಲ್ಲಿ ಅಜ್ಜಂಪುರದಿಂದ ಸಂಬಂಧ ಬಂತು. ಈರುಳ್ಳಿ ಮಂಡಿ ಹನುಮಂತಪ್ಪನವರ ಮಗ ಅಜ್ಜಯ್ಯ. ಅವರ ಕಡೆಯಿಂದ ಒಂದೇ ಷರತ್ತು: ಹುಡುಗಿ ಹೊಸ ಫಿಯಟ್ಟಿನಲ್ಲೇ ಬರಬೇಕು. ಸೆಕೆಂಡ್‌ಹ್ಯಾಂಡ್ ಬೇಡ, ಅಂಬಾಸಿಡರ್ ಬೇಡ. ಗಾಡಿ ಬಂದ ತಿಂಗಳೊಳಗೆ ಮದುವೆ ಎಂದು ಅಪ್ಪ ಮಾತು ಕೊಟ್ಟ. ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಲಕ್ಕನಿಗೆ ಹೇಳಿದರೆ ಅವನು ನಗುತ್ತಾ ನಿಂತ. ಕಾರು ಬರದಿದ್ದರೆ ಮದುವೆಯೂ ಇಲ್ಲವಲ್ಲ, ಕಾಯುವವರು ಎಷ್ಟು ವರ್ಷ ಕಾಯುತ್ತಾರೆ, ಸಾಕಾಗಿ ಬೇರೆ ಕಡೆ ನೋಡಿಕೊಳ್ಳುತ್ತಾರೆ ಎಂದ. ಅಂದಿನಿಂದ ನಾನು ದಿನಾ ಪೇಪರ್ ಓದತೊಡಗಿದೆ. ಎಲ್ಲಿಯಾದರೂ ಕಾರ್ಖಾನೆಯಲ್ಲಿ ಮುಷ್ಕರ ಎಂದು ಬಂದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದೆ. ಮಗಳ ಭಕ್ತಿ ನೋಡಿ ಅಮ್ಮ ಹಿಗ್ಗುತ್ತಿದ್ದಳು.

ಎರಡು ವರ್ಷ ಸುಖವಾಗಿ ಕಳೆಯಿತು. ಅಷ್ಟು ಸುಖ ನಾನು ಮತ್ತೆ ಕಂಡಿಲ್ಲ.

ಎಂಬತ್ತೆರಡರ ಬೇಸಿಗೆಯಲ್ಲಿ ಅಮ್ಮ, ನಾನು ಶಿವನಿ ಊರಿನಲ್ಲಿದ್ದ ಸೋದರತ್ತೆ ದಾಕ್ಷಾಯಣಮ್ಮನ ಮನೆಗೆ ಹೋಗಿದ್ದೆವು. ಅವರಿಬ್ಬರೂ ಮಾತಿಗೆ ಕೂತ ಹೊತ್ತಿನಲ್ಲಿ ರೈಲು ನೋಡಿ ಬರುತ್ತೇನೆಂದು ನಾನು ಸ್ಟೇಷನ್ನಿಗೆ ನಡೆದೆ. ನಮ್ಮನ್ನು ಕಾರಿನಲ್ಲಿ ಕರೆತಂದಿದ್ದ ಲಕ್ಕ ಅಲ್ಲಿ ಬೆಂಚಿನ ಮೇಲೆ ಕಾಯುತ್ತಿದ್ದ. ಅಂಗಿಯೊಳಗಿಂದ ಒಂದು ಕಾಗದ ತೆಗೆದು ಕೊಟ್ಟ. ಬೆಂಗಳೂರಿನ ಡೀಲರಿನಿಂದ ಬಂದದ್ದು. ಅವನ ಸರದಿ ಬಂದಿತ್ತು. ಮೂವತ್ತು ದಿನದೊಳಗೆ ಹಣ ಕಟ್ಟಿ ಗಾಡಿ ಬಿಡಿಸಿಕೊಳ್ಳದಿದ್ದರೆ ಅದು ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತಿತ್ತು. ಪೋಸ್ಟಿನವನು ಅದನ್ನು ಅವನ ಕೈಗೇ ಕೊಟ್ಟಿದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಏನು ಮಾಡಬೇಕೆಂಬುದು ಎಷ್ಟು ಸುಲಭವಾಗಿತ್ತು! ಏನೂ ಮಾಡಬಾರದು, ಅಷ್ಟೇ. ಬೀರೂರಿನವರು ಯಾರೋ ಅಜ್ಜಯ್ಯನಿಗೆ ಹೆಣ್ಣು ಕೊಡಲು ತುದಿಗಾಲಲ್ಲಿ ನಿಂತಿದ್ದರು, ಈ ಬೇಸಿಗೆ ದಾಟಿದರೆ ನಮ್ಮ ಸಂಬಂಧ ಬಿಡುವುದಾಗಿ ಹನುಮಂತಪ್ಪನವರು ಹೇಳಿ ಕಳಿಸಿಯೂ ಇದ್ದರು.

"ಒಂದ್ ತಿಂಗ್ಳು ಸುಮ್ನಿರು ಲಕ್ಕ," ಅಂದೆ. "ಅವ್ರು ಬಿಟ್ ಮೇಲೆ ನಿಮ್ ಮಾವನ್ ಮನೆಗೆ ಬಂದ್ಬಿಡ್ತೀನಿ. ತರೀಕೆರೇಲೇ ರಿಜಿಸ್ಟರ್ ಮಾಡ್ಸನ."

ತಲೆಯಾಡಿಸಿದ. ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಕಾಗದವನ್ನು ಹುಷಾರಾಗಿ ಮಡಿಚುತ್ತಾ ಕೇಳಿದ:

"ಕಲರ್ ಯಾವ್ದು ಅಂತ ಕೇಳವ್ರೆ. ನಿಂಗ್ಯಾವ್ದು ಇಷ್ಟ ಹಾಲು?"

ನೀಲಿ ಎಂದೆ. ಅದನ್ನು ಪ್ರೀತಿಯೆಂದುಕೊಂಡೆ. ಮೂರ್ಖತನಕ್ಕೂ ಒಂದು ಮಿತಿ ಇರಬೇಕು.

ದಿನಗಳನ್ನು ಲೆಕ್ಕ ಹಾಕುತ್ತಾ ಬಂದೆ. ಇಪ್ಪತ್ತಾರನೇ ದಿನ ಅವನ ಅಮ್ಮನಿಗೆ ಹುಷಾರಿಲ್ಲವೆಂದು ಅಪ್ಪ ಅವನಿಗೆ ರಜ ಕೊಟ್ಟನೆಂದು ಕೇಳಿದೆ. ಪಾಪ ಎನ್ನಿಸಿತು. ಆ ಮುದುಕಿಯ ಹೆಸರಲ್ಲೂ ದೀಪ ಹಚ್ಚಿದೆ. ಇಪ್ಪತ್ತೊಂಬತ್ತನೇ ದಿನ ಮಧ್ಯಾಹ್ನ ಊರಬಾಗಿಲಲ್ಲಿ ನಮ್ಮೂರಿನ ಯಾವ ಗಾಡಿಯದೂ ಅಲ್ಲದ ಹಾರನ್ ಕೇಳಿತು. ಅಪ್ಪ ನಗುತ್ತಾ ಆಚೆ ಓಡಿದ. ಚೆಂಡು ಹೂವಿನ ಹಾರ ಹಾಕಿಕೊಂಡ ನೀಲಿ ಫಿಯಟ್ ನಮ್ಮ ಮನೆ ಮುಂದೆ ಬಂದು ನಿಂತಿತು. ಬಾಗಿಲು ತೆಗೆದು ಲಕ್ಕ ಇಳಿದ. ಕಾಗದವನ್ನು ಅಪ್ಪನಿಗೆ ತೋರಿಸಿ, ಹಣ ಪಡೆದು, ರಜೆಯ ನೆಪದಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದ.

ಗಾಡಿಗೆ ಆರತಿ ಎತ್ತಬೇಕಾದವಳು ಮನೆಮಗಳು. ಎತ್ತಿದೆ. ಬಾನೆಟ್ಟಿಗೆ ಕುಂಕುಮ ಇಟ್ಟೆ, ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ. ಎಲ್ಲರೂ ಸಿಹಿ ತಿನ್ನಲು ಒಳಗೆ ಹೋದ ಮೇಲೆ ಅವನು ಬಟ್ಟೆ ಹಿಡಿದು ರಸ್ತೆ ಧೂಳು ಒರೆಸುತ್ತಾ ನಿಂತಿದ್ದ. ಯಾಕೆ ಎಂದು ಕೇಳಿದೆ. ಅವನು ಸುಳ್ಳು ಹೇಳಬಹುದಿತ್ತು, ಅಪ್ಪನಿಗೆ ಹೆದರಿದೆ ಎನ್ನಬಹುದಿತ್ತು. ಹಾಗೆಂದಿದ್ದರೆ ನಾನು ಕ್ಷಮಿಸುತ್ತಿದ್ದೆ.

"ಐದು ವರ್ಷ ನನ್ ಹೆಸ್ರಲ್ಲೇ ಇತ್ತು ಕಣೇ," ಅಂದ. "ಅದನ್ನ ಇನ್ಯಾರೋ ಬಿಡಿಸ್ಕಂಡು ಹೋಗೋದು ತಡ್ಕಳಾಕೆ ಆಗ್ಲಿಲ್ಲ. ದಿನಾ ಕನಸಲ್ಲಿ ಬರೋದು."

"ನಾನ್ ಬತ್ತಿರ್ಲಿಲ್ವಾ?"

"ಬತ್ತಿದ್ದೆ. ಅದ್ರಲ್ಲೇ ಕೂತ್ಕಂಡು ಬತ್ತಿದ್ದೆ."

ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದ. ಅಷ್ಟರಲ್ಲೂ ಕೈ ಬಾಗಿಲ ಹಿಡಿಯನ್ನು ಒರೆಸುತ್ತಿತ್ತು. ಆ ಕ್ಷಣ ನನಗೆ ಸಾಯಬೇಕೆನ್ನಿಸಲಿಲ್ಲ. ಅವನನ್ನು ಸಾಯಿಸಬೇಕು, ಅದೂ ನಿಧಾನವಾಗಿ, ಎನ್ನಿಸಿತು.

ಆಗಿನ ಕಾನೂನಿನ ಪ್ರಕಾರ ಹೊಸ ಗಾಡಿ ಎರಡು ವರ್ಷ ಬೇರೆಯವರ ಹೆಸರಿಗೆ ಆಗುವಂತಿರಲಿಲ್ಲ. ಕಾಗದವೆಲ್ಲ ಲಕ್ಕಣ್ಣನ ಹೆಸರಲ್ಲಿವೆ, ಅವನನ್ನೂ ಗಾಡಿಯ ಜೊತೆ ಅಜ್ಜಂಪುರಕ್ಕೆ ಕಳಿಸಿಬಿಡಿ ಎಂದು ಅಪ್ಪನಿಗೆ ನಾನೇ ಹೇಳಿದೆ. ಹುಡುಗಿಗೆ ಎಷ್ಟು ವ್ಯವಹಾರ ಜ್ಞಾನ ಎಂದು ಎಲ್ಲರೂ ಮೆಚ್ಚಿಕೊಂಡರು. ಧಾರೆ ಮುಗಿದು ಹೊರಟಾಗ ಹಿಂದಿನ ಸೀಟಿನಲ್ಲಿ ಗಂಡನ ಪಕ್ಕ ಕೂತೆ. ಮುಂದೆ ಲಕ್ಕ. ದಾರಿಯುದ್ದಕ್ಕೂ ಅವನ ಕುತ್ತಿಗೆ ನೋಡುತ್ತಿದ್ದೆ. ಮೊದಲ ಮೈಲಿ ಅವನು ಅಳುತ್ತಿದ್ದ. ಬೀರೂರಿನ ಹೊತ್ತಿಗೆ ಎಂಜಿನ್ನಿಗೆ ಕಿವಿಗೊಟ್ಟಿದ್ದ.

ಅಜ್ಜಯ್ಯನವರು ಒಳ್ಳೆಯವರು. ಇದನ್ನು ಹೇಳದಿದ್ದರೆ ಪಾಪ. ನಾನು ಡ್ರೈವಿಂಗ್ ಕಲಿಯಬೇಕೆಂದಾಗ ಅತ್ತೆ ಹುಬ್ಬು ಗಂಟಿಕ್ಕಿದರೂ ಅವರು ಹೂಂ ಎಂದರು. ಕಲಿಸುವವನು ಲಕ್ಕಣ್ಣ. ದಿನಾ ಬೆಳಿಗ್ಗೆ ಮಂಡಿಯ ಹಿಂದಿನ ಬಯಲಲ್ಲಿ ಅವನು ಪಕ್ಕದಲ್ಲಿ ಕೂರುತ್ತಿದ್ದ, ನಾನು ಓಡಿಸುತ್ತಿದ್ದೆ. ಒಂದು ವಾರದಲ್ಲಿ ಕಲಿತೆ. ಆಮೇಲೆ ಒಂದೂವರೆ ವರ್ಷ ಕಲಿಯದವಳ ಹಾಗೆ ಓಡಿಸಿದೆ. ಕ್ಲಚ್ಚಿನ ಮೇಲೆ ಕಾಲಿಟ್ಟೇ ಏರು ಹತ್ತಿಸಿದೆ. ಗೇರು ಕರಕರ ಎನ್ನುವ ಹಾಗೆ ಎಳೆದೆ. ಗೇಟಿನ ಕಲ್ಲುಕಂಬಕ್ಕೆ ನೀಲಿ ಮಡ್‌ಗಾರ್ಡ್ ತಗುಲಿಸಿದೆ.

"ಕ್ಲಚ್ ಬಿಡಿ ಅಮ್ಮಾವ್ರೆ, ಪ್ಲೇಟ್ ಸುಟ್ಟೋಗ್ತದೆ," ಅನ್ನುತ್ತಿದ್ದ.

ಇನ್ನಷ್ಟು ಒತ್ತುತ್ತಿದ್ದೆ. ಸುಟ್ಟ ವಾಸನೆ ಕಾರಿನೊಳಗೆಲ್ಲ ಹರಡುತ್ತಿತ್ತು. ಅವನು ತುಟಿ ಕಚ್ಚಿ ಕಿಟಕಿಯಾಚೆ ನೋಡುತ್ತಿದ್ದ. ಇರುಳೆಲ್ಲ ಕೂತು ಮತ್ತೆ ಸರಿಮಾಡುತ್ತಿದ್ದ. ಒಂದು ಸಲವಾದರೂ ಕೆಲಸ ಬಿಟ್ಟು ಹೋಗುತ್ತೇನೆನ್ನಲಿಲ್ಲ. ನನ್ನ ಹತ್ತಿರ ಇರಬೇಕೆಂದೇ ಇದನ್ನೆಲ್ಲ ಸಹಿಸುತ್ತಿದ್ದಾನೆಂದು ನಾನು ಮನಸ್ಸಿನ ಮೂಲೆಯಲ್ಲಿ ನಂಬಿದ್ದೆ. ಆ ನಂಬಿಕೆಯಿಂದಲೇ ಸಂಸಾರ ಮಾಡಿಕೊಂಡಿದ್ದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಎಂಬತ್ನಾಲ್ಕರಲ್ಲಿ ಮಾರುತಿ ಬಂತು. ಅಜ್ಜಯ್ಯನವರ ಹೆಸರು ಕಾರು ಹಂಚುವ ಲಾಟರಿ ಡ್ರಾದಲ್ಲಿ ಎದ್ದಿತ್ತು. ಬಿಳೀ ಪುಟ್ಟ ಕಾರು, ಸದ್ದೇ ಇಲ್ಲ, ನಾನೇ ಓಡಿಸಿಕೊಂಡು ಹೋಗಬಹುದು, ಡ್ರೈವರ್ ಬೇಡ. ಇಡೀ ಊರು ನೋಡಲು ಬಂತು. ಐದು ವರ್ಷ ಕಾದು ತಂದ ಫಿಯಟ್ಟನ್ನು ಯಾರೂ ಕೇಳುವವರಿಲ್ಲ. ಅದನ್ನು ಕಡೂರಿನ ಸಣ್ಣಬೀರಪ್ಪ ಎಂಬವರು ಬಾಡಿಗೆಗೆ ಓಡಿಸಲು ಕೊಂಡರು. ಲಕ್ಕಣ್ಣ ಪೇಪರುಗಳಿಗೆ ಸೈನ್ ಹಾಕಿದ. ಆಮೇಲೆ ಹಿತ್ತಲಿಗೆ ಬಂದು ನನ್ನ ಮುಂದೆ ಕೈಕಟ್ಟಿ ನಿಂತ.

ಏಳು ವರ್ಷದ ಮಾತು ಈಗ ಬರುತ್ತದೆ ಎಂದುಕೊಂಡೆ. ಈ ಮನೆಯಲ್ಲೇ ಏನಾದರೂ ಕೆಲಸ ಕೊಡಿ ಎನ್ನುತ್ತಾನೆ, ನಿನ್ನನ್ನು ಬಿಟ್ಟು ಇರಲಾರೆ ಎನ್ನುತ್ತಾನೆ. ಎಂದರೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಅವನ ಜೊತೆ ಹೊರಟೇ ಹೋಗುತ್ತಿದ್ದೆನೋ ಏನೋ.

"ಸಣ್ಣಬೀರಪ್ಪೋರಿಗೆ ಒಂದ್ಮಾತು ಹೇಳ್ರವ್ವ," ಅಂದ. "ಗಾಡಿ ಜೊತೆ ನನ್ನೂ ಮಡಿಕಳ್ಳಿ ಅಂತ. ಸಂಬ್ಳ ಎಷ್ಟಾದ್ರೂ ಸರಿ."

ಆಗಲಿ ಎಂದೆ. ನೇರ ಮುಂಬಾಗಿಲಿಗೆ ಹೋಗಿ ಸಣ್ಣಬೀರಪ್ಪನವರಿಗೆ ಕಾಫಿ ಕೊಟ್ಟೆ. ಈ ಡ್ರೈವರನ್ನು ಮಾತ್ರ ಇಟ್ಟುಕೊಳ್ಳಬೇಡಿ, ನಂಬಿಸಿ ಕೈಕೊಡುವ ಆಸಾಮಿ ಎಂದು ಹೇಳಿದೆ. ಅದರಲ್ಲಿ ಸುಳ್ಳೇನಿತ್ತು? ಅವರು ತಾವೇ ಓಡಿಸಿಕೊಂಡು ಹೊರಟರು. ಲಕ್ಕ ಬಟ್ಟೆಯ ಗಂಟು ಹಿಡಿದು ಗಾಡಿಯ ಹಿಂದೆ ಮಂಡಿಯವರೆಗೂ ಓಡಿ, ನಿಂತು, ವಾಪಸು ಬಂದ.

"ನೀವೇನಾರ ಹೇಳಿದ್ರಾ?"

"ಹೇಳ್ದೆ."

ಅಲ್ಲೇ ಅಂಗಳದಲ್ಲಿ ಕುಸಿದು ಕೂತು ಅತ್ತ. ನನ್ನ ಧಾರೆಯ ದಿನವೂ ಅವನು ಹಾಗೆ ಅತ್ತಿರಲಿಲ್ಲ. ಯಾಕೆ ಹಾಲು, ಯಾಕೆ ಹಿಂಗ್ ಮಾಡ್ದೆ ಎಂದು ಕೇಳಿದ. ಎರಡು ವರ್ಷದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದಿತ್ತು.

"ಇನ್ಮೇಲೆ ಆ ಗಾಡಿ ನೆನಪಾದಾಗೆಲ್ಲ ನಾನು ನೆನಪಾಗ್ಬೇಕು ನಿಂಗೆ," ಅಂದೆ. "ನಿನ್ ಮನಸ್ಸಲ್ಲಿ ಇರಾಕೆ ನಂಗೆ ಬೇರೆ ದಾರಿ ಇರ್ಲಿಲ್ಲ ಕಣೋ."

ಅವನು ಎದ್ದು ತರೀಕೆರೆ ಬಸ್ಸು ನಿಲ್ಲುವ ಕಡೆಗೆ ನಡೆದ. ಮಂಡಿಯ ತಿರುವಿನಲ್ಲಿ ಒಂದು ಸಲ ತಿರುಗಿ ನೋಡಿದ. ಅಂಗಳದಲ್ಲಿ ಗಾಡಿ ಇರಲಿಲ್ಲ. ನಾನೊಬ್ಬಳೇ ನಿಂತಿದ್ದೆ.